ಡ್ರೈವರ್ ಕಾಕಾ ಸಹಿ ಹಾಕದ ಕಾಗದ

ಡ್ರೈವರ್ ಕಾಕಾ ತೀರಿಕೊಂಡ ಐದನೆಯ ದಿನ ಬೆಳಗಾವಿಯ ಕಾರು ಶೋರೂಮಿನಿಂದ ಅವರ ಮೊಬೈಲಿಗೆ ಕರೆ ಬಂತು. ಮನೆ ತುಂಬ ನೆಂಟರಿದ್ದರು. ಅವರ ಹೆಂಡತಿ ಕಾಕು ಫೋನನ್ನು ಪಕ್ಕದ ಮನೆಯವನಾದ ನನ್ನ ಕೈಗೆ ಕೊಟ್ಟು, "ಯಾರೋ ಭಾಳ ನಾಜೂಕ ಮಾತಾಡಾಕತ್ತಾರ, ನನಗ ತಿಳೀವಲ್ದು. ನೋಡ್ರಿ ಮಾಸ್ತರ" ಅಂದರು. ಆ ಕಡೆಯ ಹೆಣ್ಣುಮಗಳು, ಹಳೆಯ ಗಾಡಿಗಳಿಗೆಂದೇ ಒಂದು ರಕ್ಷಣಾ ಯೋಜನೆ ಬಂದಿದೆ, ಈ ತಿಂಗಳೊಳಗೆ ಸೇರಿದರೆ ವಿಶೇಷ ರಿಯಾಯಿತಿ ಇದೆ ಎಂದಳು. ಗಾಡಿಯ ಮಾಲೀಕರು ತೀರಿಕೊಂಡಿದ್ದಾರೆ ಎಂದೆ. ಆಕೆ, "ತುಂಬಾ ಬೇಜಾರಾಯ್ತು ಸರ್. ಗಾಡಿ ಚೆನ್ನಾಗಿದೆಯಾ?" ಎಂದು ಕೇಳಿದಳು.

ಕಾಕಾ ಇದ್ದಿದ್ದರೆ ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ. ಅವರೂ ಯಾರ ಸುಖದುಃಖ ವಿಚಾರಿಸಿದರೂ ಮೊದಲು ಗಾಡಿಯನ್ನೇ ಕೇಳುತ್ತಿದ್ದವರು. ಒಮ್ಮೆ ನಾನು ನೇಸರಗಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದಾಗ ಓಣಿಯವರೆಲ್ಲ ನನ್ನ ಕೈ ನೋಡಿದರು. ಕಾಕಾ ಮಾತ್ರ ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಹ್ಯಾಂಡಲ್ ಸೊಟ್ಟ ಆಗೇತಿ, ಮಾಸ್ತರ. ಕೈ ತಾನಽ ಕೂಡತೈತಿ, ಇದು ಕೂಡೂದಿಲ್ಲ" ಎಂದು ಮರುಗಿದರು.

ಅವರು ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಬಹುಪಾಲು ಬೈಲಹೊಂಗಲದಿಂದ ಮುರಗೋಡ, ಯರಗಟ್ಟಿ ಹಾದು ರಾಮದುರ್ಗಕ್ಕೆ ಹೋಗುವ ಬಸ್ಸು. ಒಂದೂ ಅಪಘಾತವಿಲ್ಲ. ನಿವೃತ್ತಿಯ ದಿನ ಡಿಪೋದಲ್ಲಿ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಮನೆಯಲ್ಲಿ ನಮಗೆಲ್ಲ ಪೇಡೆ ಹಂಚಿದರು. ಆದರೆ ಬಸ್ಸು ಬಿಟ್ಟರೂ ಬಸ್ಸು ಅವರ ಎಡಗೈಯನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಮಾತಾಡುವಾಗ ಮಾತಿಗೆ ಏರು ಬಂದರೆ ಆ ಕೈ ತಾನಾಗಿಯೇ ಗೇರು ಇಳಿಸುತ್ತಿತ್ತು. ರಾಜಕಾರಣದ ಮಾತು ಬಂದರೆ ಸೆಕೆಂಡು, ಮಳೆಬೆಳೆಯ ಮಾತಿಗೆ ಥರ್ಡು. ಕಾಕು ಒಳಗಿನಿಂದ ಬಯ್ಯತೊಡಗಿದರೆ ಕೈ ನಡುವೆ ನಿಂತು ಅತ್ತಿತ್ತ ಅಲ್ಲಾಡುತ್ತಿತ್ತು. ಅದು ನ್ಯೂಟ್ರಲ್ಲು ಎಂದು ಓಣಿಯವರಿಗೆಲ್ಲ ಗೊತ್ತಿತ್ತು.

ನಿವೃತ್ತಿಯ ಹಣದಲ್ಲಿ ಒಂದು ಸಣ್ಣ ಬಿಳಿ ಕಾರು ಕೊಂಡರು. ಅದನ್ನೂ ಬಸ್ಸಿನಂತೆಯೇ ಓಡಿಸಿದರು. ಐವತ್ತರ ಮೇಲೆ ಹೋಗುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಹೊರಡುತ್ತಿದ್ದರು. ಸವದತ್ತಿಯ ಒಂದು ಮದುವೆಗೆ ಹೋಗುವಾಗ ಮುರಗೋಡದಲ್ಲಿ ಚಹಾಕ್ಕೆಂದು ಐದು ನಿಮಿಷ ಗಾಡಿ ನಿಲ್ಲಿಸಿದರು. ಕಾಕು ಪೇರಲಹಣ್ಣು ಕೊಳ್ಳಲು ಹೋದರು. ಐದು ನಿಮಿಷವಾಯಿತು. ಕಾಕಾ ಒಂದು ಹಾರ್ನು ಹೊಡೆದು ಹೊರಟೇಬಿಟ್ಟರು. "ಕಾಕಾ, ಕಾಕು ಬಂದಿಲ್ರಿ!" ಎಂದು ನಾನು ಹಿಂದಿನ ಸೀಟಿನಿಂದ ಕೂಗಿದೆ. "ಹಾರ್ನ್ ಹೊಡದೇನಿ" ಎಂದರು, ಅದರಾಚೆ ಚಾಲಕನ ಜವಾಬ್ದಾರಿ ಇಲ್ಲವೆಂಬಂತೆ. ನಾನು ಬಹಳ ಹೇಳಿದ ಮೇಲೆ ತಿರುಗಿಸಿಕೊಂಡು ಬಂದೆವು. ಅಷ್ಟರಲ್ಲಿ ಕಾಕು ಬಸ್ಸು ಹತ್ತಿ ಹೋಗಿಯಾಗಿತ್ತು. ಹೆಂಗಸರಿಗೆ ಹೇಗೂ ಟಿಕೆಟ್ಟಿಲ್ಲ. ಮುಂದೆ ಹೋದ ಆ ಬಸ್ಸು ನಮ್ಮ ಐವತ್ತರ ಗತಿಗೆ ಮುನವಳ್ಳಿ ದಾಟಿದರೂ ಸಿಗಲಿಲ್ಲ. ನಾವು ಮದುವೆ ಮಂಟಪಕ್ಕೆ ಹೋಗುವ ಹೊತ್ತಿಗೆ ಕಾಕು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಕಾರಿನ ಜೊತೆಗೆ ಮನೆಗೆ ಬಂದದ್ದು ವಾರಂಟಿ. ಮೂರು ವರ್ಷದ್ದು. ಅದರ ಪುಸ್ತಕವನ್ನು ಕಾಕಾ ನನ್ನಿಂದ ಎರಡು ಸಲ ಓದಿಸಿ ಅರ್ಥ ಹೇಳಿಸಿಕೊಂಡರು. ಯಾವುದು ಮಾಡಿದರೆ ವಾರಂಟಿ ಹೋಗುತ್ತದೆ ಎಂಬ ಪಟ್ಟಿಯೇ ಅದರಲ್ಲಿ ಉದ್ದವಾಗಿತ್ತು. ಏನೇನು ಕೆಟ್ಟರೆ ಅದು ನೆರವಿಗೆ ಬರುತ್ತದೆ ಎಂಬುದು ಅರ್ಧ ಪುಟ. ಅಂದಿನಿಂದ ಮನೆಯಲ್ಲಿ ಎಲ್ಲಕ್ಕೂ ವಾರಂಟಿಯ ಅಪ್ಪಣೆ ಬೇಕಾಯಿತು. ಮುಂದೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವಂತಿಲ್ಲ, ತಂತಿ ಬಿಗಿದರೆ ವಾರಂಟಿ ಹೋಗುತ್ತದೆ. ಹಾಡಿನ ಪೆಟ್ಟಿಗೆ ಹಾಕಿಸುವಂತಿಲ್ಲ, ವಾರಂಟಿ ಹೋಗುತ್ತದೆ. ಕಾಕುವಿಗೆ ವಾರಂಟಿ ಎಂದರೆ ಸಣ್ಣ ಮಾತಿಗೂ ಮುನಿದು ಎದ್ದು ಹೋಗುವ ಹೊಸ ಬೀಗರ ಹಾಗೆ ಕಂಡಿತ್ತು. ಹಬ್ಬದ ದಿನ ಗಾಡಿಗೆ ಕುಂಕುಮ ಹಚ್ಚುವಾಗಲೂ, "ಇದಕ್ಕರ ನಡೀತೈತಿಲ್ರಿ?" ಎಂದು ಕೇಳಿಯೇ ಹಚ್ಚುತ್ತಿದ್ದರು.

ಇಂಥ ಗಾಡಿಯನ್ನು ಅವರು ನನ್ನ ಕೈಗೆ ಕೊಟ್ಟದ್ದು ಈಗಲೂ ನನಗೆ ಆಶ್ಚರ್ಯ. ನಾನು ನಲವತ್ತೆರಡರ ವಯಸ್ಸಿನಲ್ಲಿ, ಹೈಸ್ಕೂಲು ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುತ್ತ, ಸ್ವತಃ ಕಾರು ಕಲಿಯಬೇಕೆಂದು ಆಸೆಪಟ್ಟೆ. ಡ್ರೈವಿಂಗ್ ಸ್ಕೂಲಿಗೆ ಹೋಗುತ್ತೇನೆಂದಾಗ ಕಾಕಾ ಅವಮಾನವಾದವರಂತೆ ನೋಡಿದರು. "ಬಾಜೂಮನಿಯಾಗ ನಾ ಇರಬೇಕಾದ್ರ ರೊಕ್ಕ ಕೊಟ್ಟು ಕಲೀತೀರೇನು?" ಎಂದರು. ಒಂದೂವರೆ ವರ್ಷ, ಪ್ರತಿ ರವಿವಾರ ಬೆಳಿಗ್ಗೆ, ನೇಸರಗಿ ರಸ್ತೆಯಲ್ಲಿ ನನ್ನ ಪಾಠ ನಡೆಯಿತು.

ಒಳ್ಳೆಯ ಗುರು. ನಾನು ಕೆಟ್ಟ ವಿದ್ಯಾರ್ಥಿ. ನನ್ನ ಎಡಗಾಲು ಸದಾ ಕ್ಲಚ್ಚಿನ ಮೇಲೆಯೇ ಇರುತ್ತಿತ್ತು. ಪೂರ್ತಿ ತುಳಿಯುತ್ತಲೂ ಇರಲಿಲ್ಲ, ಪೂರ್ತಿ ಬಿಡುತ್ತಲೂ ಇರಲಿಲ್ಲ. ಇದಕ್ಕೆ ಹಾಫ್ ಕ್ಲಚ್ ಎನ್ನುತ್ತಾರೆ, ಇದರಿಂದ ಒಳಗಿನ ಕ್ಲಚ್ ಪ್ಲೇಟು ಸವೆದು ಸುಡುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದರು. "ಮಾಸ್ತರ, ಕ್ಲಚ್ ಅಂದ್ರ ಕಾಲಿಟ್ಟು ನಿಲ್ಲೂ ಪಾವಟಿಗಿ ಅಲ್ರಿ. ಗೇರ್ ಬದಲಿ ಮಾಡೂದಿತ್ತಂದ್ರ ತುಳೀರಿ. ಇಲ್ಲಂದ್ರ ಕಾಲ ಕೆಳಗ" ಎಂದು ನನ್ನ ಎಡ ಮೊಣಕಾಲಿಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು. ಕಾಲು ಕೆಳಗಿಳಿಯುತ್ತಿತ್ತು, ಎರಡು ನಿಮಿಷದಲ್ಲಿ ಮತ್ತೆ ಏರುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಡೆ ಹೋದಾಗಂತೂ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ, ಭಯದಿಂದ ಒಂದು ತಾಸು ಕಾಲು ತೆಗೆಯಲಿಲ್ಲ. ಗಾಡಿಯೊಳಗೆ ಸುಟ್ಟ ವಾಸನೆ ಬಂತು. ಕಾಕಾ ಕಿಟಕಿಯ ಗಾಜು ಇಳಿಸಿದರು.

ಇದರ ನಡುವೆ, ಎರಡನೆಯ ವರ್ಷದಲ್ಲಿ, ಗಾಡಿಯಲ್ಲಿ ಬೇರೊಂದು ಸಪ್ಪಳ ಶುರುವಾಗಿತ್ತು. ನಾಲ್ಕನೆಯ ಗೇರಿನಲ್ಲಿ ಕೆಳಗಿನಿಂದ ತೆಳ್ಳಗೆ 'ಗುಂಯ್' ಎಂಬ ದನಿ. ನನಗೆ ಅದು ಕೇಳಿಸುತ್ತಲೇ ಇರಲಿಲ್ಲ. ಕಾಕಾನಿಗೆ ಅದರಿಂದ ಊಟ ಸೇರಲಿಲ್ಲ. ಗೇರ್‌ಬಾಕ್ಸಿನ ಬೇರಿಂಗೇ ಎಂದು ಅವರು ಮೊದಲ ದಿನವೇ ಹೇಳಿದರು. ಬೆಳಗಾವಿಯ ಶೋರೂಮಿಗೆ ಹೋದೆವು. ಅಲ್ಲಿ ಟೈ ಕಟ್ಟಿದ ಸರ್ವೀಸ್ ಸಲಹೆಗಾರ ಗಾಡಿಯನ್ನು ಒಂದು ಸುತ್ತು ಹೊಡೆದು ಬಂದು, "ನಾರ್ಮಲ್ ಐತ್ರಿ ಸರ್. ಹೊಸ ಮಾಡೆಲ್ ಎಲ್ಲಾ ಹಿಂಗಽ ಸಪ್ಪಳ ಮಾಡ್ತಾವು" ಎಂದ.

ಬಸ್ಸಿನ ಡಿಪೋದಲ್ಲಿ ಚಾಲಕ ತನ್ನ ಪಾಳಿ ಮುಗಿದ ಮೇಲೆ ಗಾಡಿಯ ದೋಷವನ್ನು ಬರೆದು ಮೆಕ್ಯಾನಿಕ್‌ನ ಸಹಿ ಪಡೆಯುವ ಪದ್ಧತಿ ಇದೆಯಂತೆ. ಕಾಕಾ ಅದೇ ರೂಢಿಯಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದರು. ಅದನ್ನು ತೆಗೆದು, "ಹಂಗಾದ್ರ ಇಲ್ಲೆ ಬರೀರಿ" ಎಂದರು. ಸಲಹೆಗಾರ ನಕ್ಕು, 'ಸಪ್ಪಳ ಕೇಳಿಸಿತು, ನಾರ್ಮಲ್' ಎಂದು ಬರೆದು ಸಹಿ ಹಾಕಿದ. ಮುಂದಿನ ಸರ್ವೀಸಿನಲ್ಲಿಯೂ ಹಾಗೆಯೇ. ಅದರ ಮುಂದಿನದರಲ್ಲಿಯೂ ಹಾಗೆಯೇ. ಮೂರು ಸಹಿಗಳಾದವು. ಮೂರು ಸಲವೂ ಒಳ್ಳೆಯ ಕಾಫಿ ಕೊಟ್ಟರು.

ವಾರಂಟಿ ಒಂದು ಸೋಮವಾರ ಮುಗಿಯಿತು. ಮೂರು ವಾರದ ನಂತರ ಯರಗಟ್ಟಿಯ ಹತ್ತಿರ ಆ ತೆಳ್ಳಗಿನ ದನಿ ಒಮ್ಮೆಲೇ ಗರಗರ ಎಂದು ಅರಚಿ, ಗೇರು ತಾನಾಗಿ ಕಳಚಿ ಬಿತ್ತು. ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೇರಿಸಿ ಬೆಳಗಾವಿಗೆ ಕಳಿಸಿದರು. ಎರಡು ದಿನ ಬಿಟ್ಟು ನಾನು ಶಾಲೆಗೆ ರಜೆ ಹಾಕಿ ಅವರ ಜೊತೆ ಹೋದೆ.

ಆ ಶೋರೂಮಿನಲ್ಲಿ ಕಾಯುವವರಿಗೆ ಮೆತ್ತನೆಯ ಸೋಫಾ ಇತ್ತು. ಗೋಡೆಯ ದೊಡ್ಡ ಟಿವಿಯಲ್ಲಿ ಒಂದು ಕಾರು ಹಿಮದ ಬೆಟ್ಟವನ್ನು ಹತ್ತುತ್ತಲೇ ಇತ್ತು. ಅದು ಮೇಲೆ ತಲುಪಿದ್ದನ್ನು ನಾನು ನೋಡಲಿಲ್ಲ. ಅದೇ ಸಲಹೆಗಾರ ಬಂದು ನಾಲ್ಕು ಪುಟದ ಅಂದಾಜು ಪಟ್ಟಿ ಕೊಟ್ಟ. ಕೊನೆಯ ಸಾಲಿನ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಬಸ್ಸಿನವರಿಗೆ ಸಿಗುವ ಪುಡಿ ಪಿಂಚಣಿಯಲ್ಲಿ ಕಾಕಾನ ಎರಡು ವರ್ಷದ್ದಕ್ಕಿಂತಲೂ ಹೆಚ್ಚಿತ್ತು.

"ಗೇರ್‌ಬಾಕ್ಸ್ ಪೂರಾ ಬದಲಿ ಮಾಡಬೇಕ್ರಿ ಸರ್. ಕ್ಲಚ್ಚೂ ಹೋಗೇತಿ."

"ಗೇರ್‌ಬಾಕ್ಸ್‌ನ್ಯಾಗ ಯಾವುದು ಹೋಗೇತಿ?" ಕಾಕಾ ಕೇಳಿದರು.

"ಅದನ್ನ ನಾವು ಬಿಚ್ಚೂದಿಲ್ರಿ. ಹಳೇದು ತಗದು ಹೊಸಾದು ಕೂಡಸೂದು."

"ಬಿಚ್ಚಲಾರದ ಹೆಂಗ ಗೊತ್ತಾತು, ಪೂರಾ ಹೋಗೇತಿ ಅಂತ?"

"ಸಪ್ಪಳ ಬರಾಕತ್ತೈತಲ್ರಿ."

"ಈ ಸಪ್ಪಳ ನಾರ್ಮಲ್ ಅಂದಿದ್ರಲ್ಲ?"

"ಅವಾಗ ವಾರಂಟಿ ಇತ್ತಲ್ರಿ ಸರ್" ಎಂದ ಆತ, ಬಹಳ ಸಹಜವಾಗಿ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತೇನೋ, ಗಡಿಬಿಡಿಯಿಂದ ಮಾತು ತಿರುಗಿಸಿದ. "ಖರೆ ಹೇಳಬೇಕಂದ್ರ ಅಂಕಲ್, ಕ್ಲಚ್ ಪ್ಲೇಟ್ ಸುಟ್ಟು ಕರ್ರಗಾಗೇತಿ. ನೀವು ಹಾಫ್ ಕ್ಲಚ್ ಮ್ಯಾಲ ಗಾಡಿ ಹೊಡೀತೀರಿ. ಅದರಿಂದಽ ಗೇರ್‌ಬಾಕ್ಸೂ ಹೋತು. ವಯಸ್ಸಾದವ್ರಿಗೆ ಗೊತ್ತಾಗೂದಿಲ್ಲ, ರೂಢಿ ಬಿದ್ದಿರತೈತಿ."

ಮಾತಿನ ಭರದಲ್ಲಿ ಗೇರು ಇಳಿಸುತ್ತಿದ್ದ ಕಾಕಾನ ಎಡಗೈ ಗಾಳಿಯಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಒಂದು ಕ್ಲಚ್ ಪ್ಲೇಟನ್ನೂ ಹೊತ್ತಿಗೆ ಮುಂಚೆ ಸವೆಸಿದವರಲ್ಲ ಅವರು. ಅವರು ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ಟಿವಿಯಲ್ಲಿನ ಹಿಮದ ಬೆಟ್ಟವನ್ನು ಪರೀಕ್ಷೆಗೆ ಬರುವ ಪಾಠದಷ್ಟು ಶ್ರದ್ಧೆಯಿಂದ ನೋಡುತ್ತಿದ್ದೆ. 'ಅದು ನನ್ನ ಕಾಲು' ಎಂಬ ಮೂರೇ ಶಬ್ದಗಳ ವಾಕ್ಯ. ವ್ಯಾಕರಣ ಕಲಿಸುವ ಮಾಸ್ತರನಿಗೆ ಅದನ್ನು ಕಟ್ಟಲಾಗಲಿಲ್ಲ. ಹೇಳಿದರೆ ಆ ನಾಲ್ಕು ಪುಟದ ಪಟ್ಟಿ ನನ್ನ ಕೈಗೆ ಬಂದೀತೆಂಬ ಅಂಜಿಕೆ.

ಕಾಕಾ ನೋಟುಪುಸ್ತಕ ತೆಗೆದು ಮೂರು ಸಹಿ ತೋರಿಸಿದರು. ಸಲಹೆಗಾರ ಮ್ಯಾನೇಜರನ್ನು ಕರೆತಂದ. ಅತ್ತರಿನ ವಾಸನೆಯ ಮ್ಯಾನೇಜರ್ ಪುಟ ತಿರುವಿ, ಕೈ ಮುಗಿದು, ನಿಮ್ಮಂಥ ಹಿರಿಯ ಗ್ರಾಹಕರೇ ನಮ್ಮ ಆಸ್ತಿ ಎಂದು ಹೊಗಳಿ, ಮೊತ್ತದಲ್ಲಿ ಅರ್ಧ ಬಿಟ್ಟುಬಿಡುತ್ತೇವೆ, ಇಲ್ಲೊಂದು ಸಹಿ ಹಾಕಿ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಕಾಕಾ ಕನ್ನಡಕ ಹಾಕಿಕೊಂಡರು. ಕಾಗದ ಇಂಗ್ಲಿಷಿನಲ್ಲಿತ್ತು.

"ಮಾಸ್ತರ, ಇದನ್ನ ಕನ್ನಡದಾಗ ಓದಿ ಹೇಳ್ರಿ."

ಓದಿದೆ. 'ಚಾಲಕನ ತಪ್ಪು ಚಾಲನಾ ಪದ್ಧತಿಯಿಂದಲೇ ಈ ಹಾನಿ ಆಗಿದೆ ಎಂದು ಒಪ್ಪಿಕೊಂಡು, ಕಂಪನಿ ಔದಾರ್ಯದಿಂದ ನೀಡಿದ ರಿಯಾಯಿತಿಯನ್ನು ಪಡೆದಿದ್ದೇನೆ.' ಮೇಜಿನ ಕೆಳಗೆ ನನ್ನ ಎಡಗಾಲು, ಅಲ್ಲಿ ಕ್ಲಚ್ಚಿಲ್ಲದಿದ್ದರೂ, ಅರ್ಧ ಎತ್ತಿದ ಹಾಗೆಯೇ ಇತ್ತು.

"ಇದೊಂದ ಮಾತ ತಗೀರಿ, ಸಹಿ ಮಾಡತೇನಿ" ಎಂದರು ಕಾಕಾ.

"ಅದನ್ನ ತಗದ್ರ ರಿಯಾಯಿತಿ ಬರೂದಿಲ್ರಿ ಸರ್. ಸಿಸ್ಟಮ್ ಕಾರಣ ಕೇಳತೈತಿ" ಎಂದರು ಮ್ಯಾನೇಜರ್.

"ಬೇರಿಂಗ್ ಮೊದಲಿನಿಂದ ಸರಿ ಇದ್ದಿಲ್ಲ ಅಂತ ಬರೀರಿ. ಅದಽ ಕಾರಣ."

"ಹಂಗ ಬರದ್ರ ತಪ್ಪು ನಮ್ಮದಾಗತೈತಲ್ರಿ!"

ಇಷ್ಟು ಪ್ರಾಮಾಣಿಕವಾದ ಮಾತನ್ನು ಆ ಕಟ್ಟಡದಲ್ಲಿ ಅಂದು ಇನ್ನಾರೂ ಆಡಲಿಲ್ಲ. ನಾನು ಕಾಕಾನ ಕಿವಿಯ ಹತ್ತಿರ ಬಗ್ಗಿ, "ಸಹಿ ಮಾಡಿಬಿಡ್ರಿ ಕಾಕಾ. ಆ ಕಾಗದ ಯಾರ ನೋಡತಾರ?" ಎಂದೆ.

"ನಾ ನೋಡಿದ್ನಲ್ರಿ" ಎಂದರು.

ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಗಾಡಿಯನ್ನು ವಾಪಸು ಹೇರಿಸಿಕೊಡಲು ಹೇಳಿದರು. ಶೋರೂಮಿನವರು ಕ್ಲಚ್ ಬಿಚ್ಚಿ ನೋಡಿದ್ದಕ್ಕೆ ಹಣ ತೆಗೆದುಕೊಂಡರು, ಎರಡು ದಿನ ನಿಲ್ಲಿಸಿಕೊಂಡಿದ್ದಕ್ಕೂ ತೆಗೆದುಕೊಂಡರು. ಈ ಸಲ ಕಾಫಿ ಕೊಡಲಿಲ್ಲ. ಊರವರೆಗೂ ಕಾಕಾ ಹೇರುಗಾಡಿಯ ಚಾಲಕನ ಪಕ್ಕದಲ್ಲಿ ಕುಳಿತು ಅವನ ಗೇರುಗಳನ್ನು ತಿದ್ದುತ್ತ ಬಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮನೆಯಲ್ಲಿ ಕಾಕು ಕೇಳಿದರು. ಗೋಡೆಯಾಚೆ ನಮಗೆಲ್ಲ ಕೇಳಿಸುವಂತೆಯೇ ಕೇಳಿದರು. "ಅರ್ಧಾ ಬಿಡತೇವಂದ್ರ ಬ್ಯಾಡಂದ್ರಂತ! ಒಂದು ಸಹಿ ಮಾಡಿದ್ರ ನಿಮ್ಮ ಕೈ ಏನ ಸವದ ಹೋಗತಿತ್ತೇನು?" ಕಾಕುವಿಗೆ ಮೊಳಕಾಲಿನ ಆಪರೇಶನ್ ಮಾಡಿಸಬೇಕೆಂದು ತೆಗೆದಿಟ್ಟಿದ್ದ ಹಣಕ್ಕೇ ಈಗ ಕೈ ಹಾಕಬೇಕಾಗುತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ಕಾಕಾ ಕಟ್ಟೆಯ ಮೇಲೆ ನ್ಯೂಟ್ರಲ್ಲಿನಲ್ಲಿ ಕುಳಿತಿದ್ದರು. ನಾನು ನಮ್ಮ ಮನೆಯ ಬಾಗಿಲು ಎಳೆದುಕೊಂಡೆ.

ಗಾಡಿಯನ್ನು ಬಿಚ್ಚಿದ್ದು ಡಿಪೋದಿಂದ ಅವರ ಜೊತೆಗೇ ನಿವೃತ್ತನಾದ ಹಳೆಯ ಮೇಸ್ತ್ರಿ. ಸವದತ್ತಿ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದ. ಗೇರ್‌ಬಾಕ್ಸು ತೆರೆದು, ಪುಡಿಯಾದ ಬೇರಿಂಗನ್ನು ಅಂಗೈಯಲ್ಲಿ ಹಾಕಿ ತೋರಿಸಿದ. "ಇದು ಮೊದಲಿಂದ ಸರಿ ಇದ್ದಿಲ್ಲೋ ಮಾರಾಯ. ಕ್ಲಚ್ಚಿಗೂ ಇದಕ್ಕೂ ಸಂಬಂಧ ಇಲ್ಲ. ಆದ್ರ ಈ ಕ್ಲಚ್ ಪ್ಲೇಟ್ ಮಾತ್ರ ಯಾರೋ ಹಾಫ್ ಕ್ಲಚ್ಚಿನ್ಯಾಗ ಸುಟ್ಟಾರ. ನೀ ಅಲ್ಲ ಬಿಡು." ಕಾಕಾ, "ಎರಡೂ ಹಾಕು" ಎಂದರು. ನಾನು ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತೆ.

ಸಾಮಾನು ಹುಬ್ಬಳ್ಳಿಯಿಂದ ಬರಲು ಮೂರು ವಾರ ಹಿಡಿಯಿತು. ಖರ್ಚು ಶೋರೂಮಿನ ಅರ್ಧಕ್ಕೂ ಬಹಳ ಕಡಿಮೆಯಾದರೂ ಕಾಕುವಿನ ಆಪರೇಶನ್ ಒಂದು ವರ್ಷ ಮುಂದೆ ಹೋಯಿತು. ಇಷ್ಟಾದರೂ ನಾಲ್ಕನೆಯ ಗೇರಿನಲ್ಲಿ ತೆಳ್ಳಗೆ ಒಂದು ದನಿ ಉಳಿಯಿತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಇದು ನಾರ್ಮಲ್ ಅಲ್ಲ. ಆದ್ರ ನನ್ನ ಕೈಲೆ ಇಷ್ಟಽ ಆಗೂದು" ಎಂದ. ಕಾಕಾನಿಗೆ ಆ ಮಾತಿನಿಂದ ಎಷ್ಟು ಸಂತೋಷವಾಯಿತೆಂದರೆ, ಅದನ್ನೂ ನೋಟುಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿಕೊಂಡರು.

ಆಮೇಲೆ ನಾನು ಆ ಗಾಡಿಯ ಸ್ಟೇರಿಂಗ್ ಮುಟ್ಟಲಿಲ್ಲ. ಪೇಪರ್ ತಿದ್ದುವುದಿದೆ, ಸೊಂಟ ನೋವು ಎಂದು ರವಿವಾರಗಳನ್ನು ತಪ್ಪಿಸಿದೆ. ಅವರೂ ಒತ್ತಾಯ ಮಾಡಲಿಲ್ಲ. ನಾಲ್ಕು ತಿಂಗಳ ನಂತರ ರಾಮದುರ್ಗದಲ್ಲಿ ಅವರ ಹಳೆಯ ಕಂಡಕ್ಟರನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಮೊಳಕಾಲು ನೋವೆಂದು ಕಾಕು ಬರಲಿಲ್ಲ. ಕಾಕಾ ನನ್ನನ್ನು ಕರೆದರು. ಊಟ ಮುಗಿಸಿ ಮಧ್ಯಾಹ್ನ ವಾಪಸು ಬರುವಾಗ, ಇಬ್ಬರೇ ಇದ್ದಾಗ, ಆ ತೆಳ್ಳಗಿನ ದನಿ ಕೇಳುತ್ತ ಕೇಳುತ್ತ ನನಗೆ ತಡೆಯಲಾಗಲಿಲ್ಲ.

"ಕಾಕಾ, ಆ ಕ್ಲಚ್ ಪ್ಲೇಟ್ ಸುಟ್ಟದ್ದು ನನ್ನ ಕಾಲರಿ."

"ಗೊತ್ತೈತಿ."

"ಮತ್ತ ಅವತ್ತ ಅಲ್ಲೆ ಯಾಕ ಹೇಳಲಿಲ್ಲ?"

"ಹೇಳಿದ್ರ ಏನಾಗತಿತ್ತು? ನನ್ನ ಹೆಸರ ತಗದು ನಿಮ್ಮ ಹೆಸರ ಬರೀತಿದ್ರು. ಕ್ಲಚ್ ನಿಮ್ಮದು, ಖರೆ. ಬೇರಿಂಗ್ ಅವರದು. ನಿಮ್ಮ ಕಾಲಿನ ಹೆಸರ ಹೇಳಿ ತಮ್ಮ ಬೇರಿಂಗ್ ಮುಚ್ಚಾಕ ನಿಂತಿದ್ರು. ಅದಕ್ಕ ನಾ ಹ್ಯಾಂಗ ಸಹಿ ಹಾಕ್ಲಿ?"

ಒಂದು ಉಬ್ಬು ದಾಟಿಸಿ ಕಾಕಾ ಗೇರು ಏರಿಸಿದರು.

"ನನ್ನ ಮ್ಯಾಲ ಸಿಟ್ಟ ಬರಲಿಲ್ಲೇನ್ರಿ?"

"ಬಂತಲ್ಲ. ಕ್ಲಚ್ಚಿಗೆ ಬರಲಿಲ್ಲ. ಕಲಿಯಾವ್ರು ಕ್ಲಚ್ ಸುಡೂದಽ. ನಾನೂ ಸುಟ್ಟೇನಿ, ಮೊದಲನೇ ವರ್ಷ. ನೀವು ಅಲ್ಲೆ ಬಾಯಿ ಮುಚಗೊಂಡು ಟಿವಿ ನೋಡಿದ್ರಲ್ಲ, ಅದಕ್ಕ ಬಂತು."

ಯರಗಟ್ಟಿ ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ನನ್ನನ್ನು ಇಳಿಸಿ ಬಸ್ಸಿಗೆ ಕಳಿಸುತ್ತಾರೆ ಎಂದುಕೊಂಡೆ. ಅವರೇ ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆರೆದರು.

"ಆ ಕಡೆ ಹೋಗಿ ಕುಂದರ್ರಿ."

"ಕಾಕಾ, ಬ್ಯಾಡ್ರಿ. ಹೊಸಾ ಕ್ಲಚ್ ಐತಿ."

"ಅದಕ್ಕಽ ಹೇಳಿದ್ದು. ನಡೀರಿ."

ಕುಳಿತೆ. ಗೇರು ಹಾಕಿ ಎಡಗಾಲನ್ನು ಕೆಳಗೆ, ನೆಲಕ್ಕೆ ಒತ್ತಿಟ್ಟೆ. ಮುರಗೋಡದವರೆಗೆ ಅದನ್ನು ಬೇಕಿಲ್ಲದೆ ಒಮ್ಮೆಯೂ ಎತ್ತಲಿಲ್ಲ. ರಸ್ತೆಯ ಉಬ್ಬು, ಎದುರಿಗೆ ಬರುವ ಬಸ್ಸು, ಅಡ್ಡ ಬರುವ ಆಡು ಇವುಗಳನ್ನೇ ನೋಡುತ್ತಿದ್ದೆನಾಗಿ ಪಕ್ಕಕ್ಕೆ ತಿರುಗುವ ಧೈರ್ಯ ಆಗಲಿಲ್ಲ. ಅವರು ಏನೂ ತಿದ್ದುತ್ತಿಲ್ಲ ಎಂಬುದು ಬೈಲಹೊಂಗಲ ಹತ್ತಿರ ಬಂದಾಗ ಗಮನಕ್ಕೆ ಬಂತು. ಓಣಿಯಲ್ಲಿ ಮನೆಯ ಮುಂದೆ ಗಾಡಿ ನಿಲ್ಲಿಸಿ ನೋಡಿದರೆ, ಕಾಕಾ ಬಾಯಿ ತೆರೆದು, ಎಡಗೈಯನ್ನು ತೊಡೆಯ ಮೇಲೆ ಚೆಲ್ಲಿ, ಗೊರಕೆ ಹೊಡೆಯುತ್ತಿದ್ದರು.

ಎಬ್ಬಿಸಲೆಂದು ಕೈ ಚಾಚಿದೆ. ಕಾಕು ಕುಂಟುತ್ತ ಹೊರಗೆ ಬಂದು ಕಿಟಕಿಯಿಂದ ಇಣುಕಿದರು. ನೋಡುತ್ತಲೇ ದನಿ ಇಳಿಸಿ ಹೇಳಿದರು.

"ಏಳಸಬ್ಯಾಡ್ರಿ ಮಾಸ್ತರ. ಮಂದಿ ಹೊಡಿಯೂ ಗಾಡಿಯಾಗ ಇವ್ರು ಕಣ್ಣು ಮುಚ್ಚಿದ್ದು ನಾ ನೋಡೇ ಇಲ್ಲ. ನಮ್ಮ ಲಗ್ನದ ದಿಬ್ಬಣದಾಗೂ ನನ್ನ ಬಾಜೂಕ ಕೂಡಲಿಲ್ಲ. ಡ್ರೈವರನ ಹಿಂದ ನಿಂತಽ ಬಂದ್ರು."

ನಾನು ಇಂಜಿನ್ ಬಂದ್ ಮಾಡಿದೆ. ಕಾಕು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು, ಬಾಗಿಲು ತೆರೆದರೆ ಸಪ್ಪಳವಾದೀತೆಂದು ಕಿಟಕಿಯಿಂದಲೇ ನನ್ನ ಕೈಗೆ ಕೊಟ್ಟರು. ಕಾಕಾ ತಾವಾಗಿ ಏಳುವವರೆಗೂ ನಾನು ಸ್ಟೇರಿಂಗ್ ಮುಂದೆ ಕುಳಿತೇ ಇದ್ದೆ.